ಅವ್ವನ ಮೊದಲ ಕತ್ತರಿ

ನಮ್ಮ ಮನೆಯಲ್ಲಿ ಹೊಲಿಗೆ ಬರುತ್ತಿದ್ದುದು ಅತ್ತೆಗೆ. ಆದರೆ ಶುಭದ ಬಟ್ಟೆಗೆ ಮೊದಲ ಕತ್ತರಿ ಇಡುವ ಅಧಿಕಾರ ಅವ್ವನದಾಗಿತ್ತು. ಘಾಟ್ಕೋಪರಿನ ಗುಡ್ಡದ ಬುಡದಲ್ಲಿದ್ದ ಚಾಳಿನಲ್ಲಿ ನಮ್ಮದು ಒಂದೇ ಖೋಲಿ. ಅದರಲ್ಲಿ ಅಪ್ಪ, ಅವ್ವ, ನಾನು, ಮತ್ತೆ ಅಪ್ಪನ ಅಕ್ಕ. ಆ ಅಕ್ಕನೇ ನನ್ನ ಅತ್ತೆ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ವಿಜಾಪುರದ ಕಡೆಯ ಊರು ಬಿಟ್ಟು ತಮ್ಮನ ಮನೆ ಸೇರಿದವಳು. ಬರುವಾಗ ಒಂದು ಟ್ರಂಕು ಮತ್ತು ಕೈಯಿಂದ ತಿರುಗಿಸುವ ಹೊಲಿಗೆ ಮಷೀನು ತಂದಿದ್ದಳು. ಮಷೀನಿಗೆ ಮನೆಯಲ್ಲಿ ಮರ್ಯಾದೆ ಇತ್ತು. ಅತ್ತೆಗೆ ಇತ್ತೋ ಇಲ್ಲವೋ ಎಂದು ಆಗ ನಾನು ಯೋಚಿಸಿರಲಿಲ್ಲ.

ನಮ್ಮ ಚಾಳಿನಲ್ಲಿ ಅರ್ಧಕ್ಕರ್ಧ ಜನ ನಮ್ಮ ಸೀಮೆಯವರೇ. ಗಂಡಸರು ಮಿಲ್ಲಿಗೋ ಕಟ್ಟಡದ ಕೆಲಸಕ್ಕೋ ಹೋಗುತ್ತಿದ್ದರು. ಹೆಂಗಸರು ಇಳಕಲ್ ಸೀರೆ, ಖಣವೆಂಬ ಹೂನೇಯ್ಗೆಯ ಬಟ್ಟೆಯ ಕುಬಸ, ಅಂದರೆ ರವಿಕೆ, ಇವನ್ನು ಬಿಟ್ಟು ಬೇರೆ ಉಡುತ್ತಿರಲಿಲ್ಲ. ಸ್ಟೇಷನ್ ಹತ್ತಿರ ದರ್ಜಿಗಳಿದ್ದರೂ ಗಂಡಸಿನ ಮುಂದೆ ನಿಂತು ಕುಬಸದ ಅಳತೆ ಕೊಡಲು ಇವರು ತಯಾರಿರಲಿಲ್ಲ. ಹಾಗಾಗಿ ಎಲ್ಲರೂ ಅತ್ತೆಯ ಹತ್ತಿರ ಬರುತ್ತಿದ್ದರು. ಅತ್ತೆಗೆ ಟೇಪೂ ಬೇಕಿರಲಿಲ್ಲ. ಗೇಣು ಹಾಕಿ, ಬೆರಳು ಮಡಚಿ ಅಳತೆ ನೋಡಿಬಿಡುತ್ತಿದ್ದಳು.

ದಿನಬಳಕೆಯ ಬಟ್ಟೆಯಾದರೆ ಎಲ್ಲ ಕೆಲಸ ಅತ್ತೆಯದೇ. ಮದುವೆಯ ಕುಬಸ, ಬಸುರಿಗೆ ಏಳನೆಯ ತಿಂಗಳಲ್ಲಿ ತೊಡಿಸುವ ಹಸಿರು ಕುಬಸ, ಹುಟ್ಟುವ ಮಗುವಿಗೆ ತಲೆಯಿಂದ ಬೆನ್ನಿಗೆ ಇಳಿಬಿಡುವ ಕುಂಚಿಗೆ, ಇವು ಬಂದರೆ ಮಾತ್ರ ಬೇರೆ ಶಾಸ್ತ್ರ. ಅತ್ತೆ ಖಣವನ್ನು ಚಾಪೆಯ ಮೇಲೆ ಹಾಸಿ, ಮಡಿಕೆ ಸರಿಮಾಡಿ, ಹಿಂದೆ ಸರಿದು ಕೂರುತ್ತಿದ್ದಳು. ಅವ್ವ ಒಲೆಯ ಮುಂದಿನಿಂದ ಎದ್ದು, ಕೈ ತೊಳೆದು, ಸೆರಗು ಹೊದ್ದು ಬರುತ್ತಿದ್ದಳು. ಬಟ್ಟೆಯ ಮೂಲೆಗೆ ಅರಿಶಿಣ ಮುಟ್ಟಿಸಿ, ದೇವರ ಗೂಡಿನ ಕಡೆಗೊಮ್ಮೆ ನೋಡಿ, ಎರಡು ಬೆರಳಿನಷ್ಟು ಉದ್ದಕ್ಕೆ ಕತ್ತರಿ ಆಡಿಸುತ್ತಿದ್ದಳು. ಅಷ್ಟೇ. ಉಳಿದದ್ದನ್ನೆಲ್ಲ ಅತ್ತೆ ಕತ್ತರಿಸಬೇಕು. ಮುತ್ತೈದೆಯ ಕೈ ಮೊದಲು ಬಿದ್ದರೆ ಆಮೇಲೆ ಯಾರ ಕೈ ಬಿದ್ದರೂ ದೋಷವಿಲ್ಲ ಎಂದು ಚಾಳಿನ ಹೆಂಗಸರು ತಮಗೆ ಅನುಕೂಲವಾಗುವಂತೆ ಹೊಂದಿಸಿಕೊಂಡಿದ್ದರು. ಅತ್ತೆಯ ಕೆಲಸವೂ ಬೇಕು, ಅತ್ತೆಯ ವೈಧವ್ಯ ಬೇಡ.

ಆ ಎರಡು ಬೆರಳಿನ ಕತ್ತರಿ ಮುಗಿದ ಮೇಲೆ ಅವ್ವ ಕತ್ತರಿಯನ್ನು ಅತ್ತೆಯ ಕೈಗೆ ಕೊಡುತ್ತಿರಲಿಲ್ಲ. ನೆಲದ ಮೇಲಿಡುತ್ತಿದ್ದಳು. ಅತ್ತೆ ಅಲ್ಲಿಂದ ಎತ್ತಿಕೊಳ್ಳುತ್ತಿದ್ದಳು. ಬಂದ ಹೆಂಗಸರು ಹೋಗುವಾಗ ಅವ್ವನ ಕೈಗುಣವನ್ನು ಬಾಯಿತುಂಬ ಹೊಗಳುತ್ತಿದ್ದರು. ಇಂಥವಳಿಗೆ ಗಂಡು ಹುಟ್ಟಿತು, ಇಂಥವಳ ಸಂಸಾರ ನೆಟ್ಟಗಾಯಿತು, ಎಲ್ಲ ನಿನ್ನ ಕೈಯಿಂದ ಎನ್ನುತ್ತಿದ್ದರು. ಅವ್ವನ ಮುಖ ಅರಳುತ್ತಿತ್ತು. ಅವಳಿಗೆ ಓದು ಬರುತ್ತಿರಲಿಲ್ಲ, ಹಿಂದಿ ಬರುತ್ತಿರಲಿಲ್ಲ, ಲೋಕಲ್ ರೈಲು ಹತ್ತಲು ಹೆದರಿಕೆ. ಈ ದೊಡ್ಡ ಊರಿನಲ್ಲಿ ಅವಳನ್ನು ಯಾರಾದರೂ ಲೆಕ್ಕಕ್ಕೆ ಹಿಡಿದಿದ್ದರೆ ಆ ಕತ್ತರಿಯ ಸಲುವಾಗಿ ಮಾತ್ರ.

ನಾನು ಹೊಲಿಗೆ ಕಲಿತದ್ದು ಅತ್ತೆಯಿಂದ. ಹೊಲಿಗೆಯನ್ನು ತಪಸ್ಸು, ಧ್ಯಾನ ಎಂದೆಲ್ಲ ಬರೆಯುವವರನ್ನು ಕಂಡರೆ ನನಗೆ ನಗು ಬರುತ್ತದೆ. ಅದು ಬೆನ್ನು ನೋವು, ಬೆರಳ ತುದಿಯ ತೂತು. ಮೊದಲು ಕಚ್ಚಾ ಹೊಲಿಗೆ ಬಿಚ್ಚುವ ಕೆಲಸ ಕೊಟ್ಟಳು. ಆಮೇಲೆ ಹುಕ್ಕು ಹಚ್ಚುವುದು, ಅಂಚು ಮಡಚಿ ಹೊಲಿಯುವುದು. ಹೊಲಿಗೆಯ ಟಾಕು ದೊಡ್ಡದಾದರೆ ಮಾತಿಲ್ಲದೆ ಎಳೆದು ಬಿಚ್ಚಿ ಮತ್ತೆ ನನ್ನ ಮಡಿಲಿಗೆ ಹಾಕುತ್ತಿದ್ದಳು. ಹೊಗಳಿದ್ದು ನೆನಪಿಲ್ಲ. ಬಿಚ್ಚದೆ ಬಿಟ್ಟರೆ ಅದೇ ಹೊಗಳಿಕೆ.

ಅಪ್ಪ ಪರೇಲಿನ ಕಡೆಯ ಒಂದು ಮಿಲ್ಲಿನಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದ. ಅಲ್ಲಿಂದ ಅಗ್ಗಕ್ಕೆ ಸಿಗುವ ತುಂಡು ಬಟ್ಟೆ ತರುತ್ತಿದ್ದ. ನನ್ನ ಪರಕಾರ ಎಂಬ ಲಂಗ, ಮೇಲಿನ ಝಂಪರು ಎಲ್ಲ ಆ ತುಂಡುಗಳಿಂದಲೇ ಆದವು. ಒಂದು ತುಂಡು ಸಾಲದಿದ್ದರೆ ಬೇರೆ ಬಣ್ಣದ್ದು ಸೇರಿಸುತ್ತಿದ್ದೆವು. ಶಾಲೆಯಲ್ಲಿ ನನ್ನನ್ನು ಕೌದಿ ಎಂದು ಕರೆಯುತ್ತಿದ್ದರು. ಹರಕು ಸೀರೆಗಳನ್ನು ಜೋಡಿಸಿ ಹೊಲಿದ ಹೊದಿಕೆಯೇ ಕೌದಿ, ಆದ್ದರಿಂದ ಹೆಸರು ಸುಳ್ಳೇನೂ ಆಗಿರಲಿಲ್ಲ.

ಒಂದು ದೀಪಾವಳಿಗೆ ನನಗೂ ಒಂದು ಖಣ ಬಂತು. ನಾನೇ ಕತ್ತರಿಸುತ್ತೇನೆ ಎಂದು ಹಟ ಹಿಡಿದೆ. ಅತ್ತೆ ಬೇಡ ಎನ್ನಲಿಲ್ಲ, ಹತ್ತಿರ ಕೂತು ನೋಡಿದಳು. ಖಣಕ್ಕೆ ಒಳಮೈ ಹೊರಮೈ ಬೇರೆ ಬೇರೆ. ಹೊರಗೆ ಹೂವು, ಒಳಗೆ ಜೋತುಬಿದ್ದ ದಾರ. ತೋಳು ಕತ್ತರಿಸುವಾಗ ಒಂದನ್ನು ತಿರುಗಿಸಿ ಇಡಬೇಕು. ನಾನು ತಿರುಗಿಸಲಿಲ್ಲ. ಎರಡು ತೋಳೂ ಒಂದೇ ಕೈಗೆ ಆದವು. ಅತ್ತೆ ಅದನ್ನು ಮೊದಲೇ ಕಂಡಿದ್ದಳು. ಯಾಕೆ ಹೇಳಲಿಲ್ಲ ಎಂದು ಅತ್ತರೆ, ಹೇಳಿದ್ದರೆ ನೀನು ಮರೆಯುತ್ತಿದ್ದೆ, ಈಗ ಮರೆಯುವುದಿಲ್ಲ ಎಂದಳು. ಒಂದು ತೋಳನ್ನು ಒಳಮೈ ಹೊರಗೆ ಮಾಡಿ ಹೊಲಿದು, ದಾರ ಜೋತ ಆ ತೋಳಿನ ಕುಬಸವನ್ನೇ ಹಬ್ಬಕ್ಕೆ ತೊಡಿಸಿದಳು. ಅದು ಮೈಗೆ ಚಿಕ್ಕದಾಗುವವರೆಗೂ ನಾನು ತೊಟ್ಟೆ. ಆಕೆಯ ಮೇಲೆ ನನಗೆ ಬಂದ ಸಿಟ್ಟು ಕುಬಸಕ್ಕಿಂತ ಹೆಚ್ಚು ಬಾಳಿಕೆ ಬಂತು.

ಎಪ್ಪತ್ತರ ದಶಕ ಶುರುವಾದ ಹೊತ್ತಿಗೆ ಅಪ್ಪನ ಕೆಮ್ಮು ಹೆಚ್ಚಾಯಿತು. ಮಿಲ್ಲಿನ ಹತ್ತಿಯ ಧೂಳು ಎಂದು ಎಲ್ಲರೂ ಅಂದುಕೊಂಡರು, ಎಲ್ಲರಿಗೂ ಇರುವ ಕೆಮ್ಮೇ ಅದು. ರಕ್ತ ಬಿದ್ದ ಮೇಲೆ ದವಾಖಾನೆಗೆ ಸೇರಿಸಿದರು. ಅಲ್ಲಿಂದ ಅವನು ಮನೆಗೆ ನಡೆದು ಬರಲಿಲ್ಲ. ಅವ್ವನ ಬಳೆ ಒಡೆಯುವಾಗ ಅತ್ತೆ ಖೋಲಿಯ ಹೊರಗೆ, ಕಟ್ಟೆಯ ಮೇಲೆ, ನಮ್ಮ ಕಡೆ ಬೆನ್ನು ಮಾಡಿ ಕೂತಿದ್ದಳು. ಕರೆದರೂ ಒಳಗೆ ಬರಲಿಲ್ಲ.

ಇನ್ನು ಮನೆ ನಡೆಯಬೇಕಾದದ್ದು ಮಷೀನಿನಿಂದ. ಅದು ನಮಗೆ ಮೂವರಿಗೂ ಗೊತ್ತಿತ್ತು. ಮದುವೆ ಸುಗ್ಗಿ ಬಂದರೆ ಸಾಕು, ಹೇಗೋ ಆಗುತ್ತದೆ ಎಂದು ಅತ್ತೆ ಕಾಯುತ್ತಿದ್ದಳು. ಸುಗ್ಗಿ ಬಂತು. ಚಾಳಿನ ಇನ್ನೊಂದು ತುದಿಯ ಹೆಂಗಸು ಮಗಳ ಮದುವೆಯ ಖಣಗಳನ್ನು ತಂದಳು. ಅತ್ತೆ ಚಾಪೆ ಹಾಸಿ, ಮಡಿಕೆ ಸರಿಮಾಡಿ, ರೂಢಿಯಂತೆ ಹಿಂದೆ ಸರಿದಳು. ಅವ್ವನೂ ರೂಢಿಯಂತೆ ಒಲೆಯ ಮುಂದಿನಿಂದ ಎದ್ದಳು, ಕೈ ತೊಳೆದಳು, ಸೆರಗು ಹೊದ್ದಳು. ಚಾಪೆಯ ತನಕ ಬಂದು ಕತ್ತರಿಗೆ ಕೈ ಚಾಚಿದಳು. ಬಂದ ಹೆಂಗಸು ಖಣವನ್ನು ತನ್ನ ಕಡೆ ಎಳೆದುಕೊಂಡಳು.

“ಇರ್ಲಿ ಬಿಡವ್ವಾ. ಮನ್ಯಾಗ ಇನ್ನೊಮ್ಮೆ ಕೇಳಿ ತರ್ತೀನಿ” ಎಂದಳು.

ಅವಳು ಕೆಟ್ಟವಳಲ್ಲ. ಅಪ್ಪ ಸತ್ತಾಗ ನಮಗೆ ಅನ್ನ ಮಾಡಿ ತಂದಿದ್ದವಳು ಅವಳೇ. ಅವ್ವ ಹಾಗೇ ನಿಂತಿದ್ದಳು, ಚಾಚಿದ ಕೈಯನ್ನು ಹಿಂದೆ ತೆಗೆದುಕೊಳ್ಳುವುದೂ ಮರೆತಂತೆ. ತನ್ನ ಹಣೆ ಬರಿದಾಗಿದೆ ಎಂಬುದು ಅಲ್ಲಿಯವರೆಗೆ ಅವಳ ಕೈಗೆ ಇಳಿದಿರಲಿಲ್ಲ ಎಂದು ನನಗೆ ಅನಿಸುತ್ತದೆ. ಅತ್ತೆ ತಡಮಾಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ನನ್ನನ್ನು ರಟ್ಟೆ ಹಿಡಿದು ಎಳೆದು ಕೂರಿಸಿದಳು.

“ಇಕಿ ಇನ್ನೂ ಕನ್ಯಾ ಅದಾಳ. ಇಕಿ ಕೈ ನಡೀತದಲ್ಲ?”

ಹೆಂಗಸು ಸ್ವಲ್ಪ ಯೋಚಿಸಿ, ಕನ್ಯೆಯಾದರೆ ನಡೆಯುತ್ತದೆ ಎಂದು ಖಣ ಬಿಟ್ಟುಕೊಟ್ಟಳು. ನಾನು ಅರಿಶಿಣ ಮುಟ್ಟಿಸಿ ಎರಡು ಬೆರಳಿನಷ್ಟು ಕತ್ತರಿಸಿದೆ. ಕತ್ತರಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಅತ್ತೆಯ ಕೈಗೇ ಕೊಟ್ಟೆ. ಅವಳು ಒಂದು ಕ್ಷಣ ನನ್ನನ್ನು ನೋಡಿ, ಕೆಲಸಕ್ಕೆ ತೊಡಗಿದಳು. ಅವ್ವ ಒಲೆಯ ಹತ್ತಿರ ಹೋಗಿ ಗೋಡೆಯ ಕಡೆ ಮುಖ ಮಾಡಿ ಕೂತಳು. ಅಂದಿನಿಂದ ಗಿರಾಕಿ ಬಂದರೆ ಅವ್ವ ಕೊಡ ಎತ್ತಿಕೊಂಡು ನಲ್ಲಿಯ ಕಡೆ ಹೊರಟುಬಿಡುತ್ತಿದ್ದಳು, ನೀರು ಬರುವ ಹೊತ್ತಲ್ಲದಿದ್ದರೂ.

ಗಿರಾಕಿ ಬಂದಾಗ ನಾನು ಮನೆಯಲ್ಲಿರಬೇಕಾಯಿತು. ಹಾಗೆ ನನ್ನ ಶಾಲೆ ನಿಂತಿತು. ಅದರ ಬಗ್ಗೆ ಯಾರೂ ಸಭೆ ಸೇರಿ ತೀರ್ಮಾನ ಮಾಡಲಿಲ್ಲ. ಒಂದು ವಾರ ಹೋಗಲಿಲ್ಲ, ಇನ್ನೊಂದು ವಾರ ಹೋಗಲಿಲ್ಲ, ಆಮೇಲೆ ನನ್ನ ಶಾಲೆಯ ಚೀಲದಲ್ಲಿ ಅವ್ವ ಬಟ್ಟೆಯ ಚೂರು ತುಂಬಿದಳು.

ಆ ಮಳೆಗಾಲದಲ್ಲೊಂದು ಮಧ್ಯಾಹ್ನ ಮೂವರೂ ಒಳಗೇ ಇದ್ದೆವು. ನಾನು ಗುಂಡಿಯ ಕಾಜು ಹೊಲಿಯುತ್ತಿದ್ದೆ. ಅವ್ವ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತದೆ ಅತ್ತೆಗೆ ಹೇಳಿದಳು.

“ಅಕ್ಕಾರ, ಇಷ್ಟು ವರ್ಷ ನಾ ಕತ್ತರಿ ನೆಲಕ್ಕ ಇಡ್ತಿದ್ದೆ. ನೀವು ಒಂದ ಮಾತೂ ಅನ್ನಲಿಲ್ಲ.”

ಅತ್ತೆ ಮಷೀನು ನಿಲ್ಲಿಸಿದಳು.

“ಏನಂತ ಅನ್ಲಿ? ನಾನೂ ಮುತ್ತೈದಿ ಇದ್ದಾಗ ನಮ್ಮತ್ತಿ ಮುಂದ ಹಂಗ ಇಡ್ತಿದ್ದೆ.”

ಅಷ್ಟು ಹೇಳಿ ಮತ್ತೆ ಮಷೀನು ತಿರುಗಿಸಿದಳು. ಅತ್ತೆಯ ಗಂಡನ ತಾಯಿಯೂ ವಿಧವೆಯಾಗಿದ್ದಳು, ಅವಳೂ ಹೊಲಿಯುತ್ತಿದ್ದಳು ಎಂಬುದು ನನಗೆ ತಿಳಿದದ್ದು ಆಗಲೇ. ಯಾರ ಮೇಲೆ ಸಿಟ್ಟಾಗಬೇಕೆಂದು ನನಗೆ ಅರ್ಥವಾಗಲಿಲ್ಲ. ಎಲ್ಲರ ಮೇಲೂ ಆದೆ.

ಐದಾರು ವರ್ಷ ಚಾಳಿನ ಶುಭದ ಬಟ್ಟೆಗಳಿಗೆಲ್ಲ ಮೊದಲ ಕತ್ತರಿ ನನ್ನದಾಯಿತು. ಕತ್ತರಿಸುವುದನ್ನೂ ಅಷ್ಟರಲ್ಲಿ ಅತ್ತೆ ಪೂರ್ತಿ ಕಲಿಸಿದ್ದಳು. ನಾನು ಕತ್ತರಿ ಇಟ್ಟ ಕುಬಸ ತೊಟ್ಟವರಲ್ಲಿ ಒಬ್ಬಳಿಗೆ ಅವಳಿ ಮಕ್ಕಳಾದವು. ಒಬ್ಬಳನ್ನು ಗಂಡ ಹೊಡೆದು ತವರಿಗೆ ಅಟ್ಟಿದ. ಇನ್ನೊಬ್ಬಳು ವರ್ಷದೊಳಗೆ ಕಾಮಾಲೆಯಿಂದ ಸತ್ತಳು. ಅದೇ ಅರಿಶಿಣ, ಅದೇ ಎರಡು ಬೆರಳು. ಒಳ್ಳೆಯದಾದರೆ ನನ್ನ ಕೈಗುಣ, ಕೆಟ್ಟದ್ದಾದರೆ ಅವರವರ ಹಣೆಬರಹ. ಇದರಲ್ಲಿ ಏನೂ ಇಲ್ಲ ಎಂದು ಕತ್ತರಿ ಹಿಡಿದ ನನಗೆ ತಿಳಿದಷ್ಟು ಬೇರೆ ಯಾರಿಗೂ ತಿಳಿದಿರಲಿಲ್ಲ.

ನನ್ನ ಮದುವೆ ಗೊತ್ತಾಯಿತು. ಹುಡುಗ ಬಾಂದ್ರಾದ ಒಂದು ಆಫೀಸಿನಲ್ಲಿ ಜವಾನ, ಅಲ್ಲೇ ಹತ್ತಿರ ಮನೆ, ತಾಯಿಯೊಬ್ಬಳು. ನನ್ನ ಧಾರೆಯ ಕುಬಸವನ್ನು ನಾನೇ ಹೊಲಿದುಕೊಳ್ಳುವುದೆಂದು ಮೊದಲೇ ಹೇಳಿದ್ದೆ. ಕೆಂಪು ಖಣ ಬಂತು. ಆದರೆ ಮದುಮಗಳು ತನ್ನ ಬಟ್ಟೆಗೆ ತಾನೇ ಮೊದಲ ಕತ್ತರಿ ಇಡುವಂತಿಲ್ಲ. ಅತ್ತೆ ಪಕ್ಕದ ಖೋಲಿಯ ಮುತ್ತೈದೆಯನ್ನು ಕರೆಯೋಣ ಎಂದಳು. ನಾನು ಒಪ್ಪಲಿಲ್ಲ. ಅವ್ವನೇ ಇಡಬೇಕು ಎಂದೆ.

ಅವ್ವ ಮೊದಲು ನಕ್ಕಳು. ನಾನು ತಮಾಷೆ ಮಾಡುತ್ತಿಲ್ಲ ಎಂದು ತಿಳಿದಾಗ ಬಿಳಿಚಿಕೊಂಡಳು.

“ನಿನ್ನ ಬಾಳಿನ ಮ್ಯಾಲೆ ನಾ ಕತ್ತರಿ ಇಡ್ಲೇನು?”

ನೀನು ಇಡದಿದ್ದರೆ ಹಳೆಯ ಝಂಪರು ತೊಟ್ಟೇ ಹಸೆಮಣೆಯ ಮೇಲೆ ಕೂರುತ್ತೇನೆ ಎಂದೆ. ಅವಳು ಅತ್ತಳು, ಬೈದಳು, ಎರಡು ದಿನ ನನ್ನೊಡನೆ ಮಾತು ಬಿಟ್ಟಳು. ನನಗೂ ಹಟ. ಖಣ ಮಡಿಕೆ ಬಿಚ್ಚದೆ ದೇವರ ಗೂಡಿನ ಕೆಳಗೆ ಬಿದ್ದಿತ್ತು, ಮದುವೆ ಹತ್ತಿರ ಬರುತ್ತಿತ್ತು. ನನಗೆ ಬೇಕಾಗಿದ್ದುದು ಇಷ್ಟೇ: ಚಾಳಿನ ಹೆಂಗಸರು ಅವಳಿಂದ ಕಿತ್ತುಕೊಂಡದ್ದನ್ನು ನಾನು ಅವಳ ಕೈಗೆ ವಾಪಸು ಕೊಡಬೇಕು. ಕೊಡುವುದು ನನ್ನ ಕೈಯಲ್ಲಿದೆ ಎಂದುಕೊಂಡಿದ್ದೆ.

ಕೊನೆಗೆ ಒಂದು ಮಧ್ಯಾಹ್ನ ಅವಳೇ ಬಾಗಿಲು ಹಾಕಿ ಅಗುಳಿ ಇಟ್ಟಳು. ಕೈ ತೊಳೆದು, ಸೆರಗು ಹೊದ್ದು ಬಂದು ಕೂತಳು. ಅರಿಶಿಣ ಮುಟ್ಟಿಸಲು ಅವಳಿಗೆ ಧೈರ್ಯ ಬರಲಿಲ್ಲ, ಅದನ್ನು ನಾನು ಮಾಡಿದೆ. ಕತ್ತರಿ ಎತ್ತಿಕೊಂಡು ಎರಡು ಬೆರಳಿನಷ್ಟು ಆಡಿಸಿದಳು. ಕತ್ತರಿಸಿದ್ದು ಸೊಟ್ಟಗಾಯಿತು. ಅತ್ತೆ ಮಡಿಕೆಯನ್ನು ಸ್ವಲ್ಪ ಸರಿಸಿ, ಆ ಸೊಟ್ಟ ಭಾಗ ಹೊಲಿಗೆಯ ಒಳಗೆ ಹೋಗುವಂತೆ ಗೆರೆ ಬದಲಿಸಿದಳು. ಅವ್ವ ಕತ್ತರಿಯನ್ನು ಅತ್ತೆಯ ಕೈಗೇ ಕೊಟ್ಟಳು. ಆಮೇಲೆ ಮೂವರೂ ಯಾಕೋ ನಕ್ಕೆವು. ಅಪ್ಪ ಹೋದ ಮೇಲೆ ಅವ್ವ ಹೊಟ್ಟೆತುಂಬ ಉಂಡದ್ದನ್ನು ನಾನು ಕಂಡದ್ದು ಅವತ್ತೇ ಮೊದಲು. ಯಾರಿಗೂ ಹೇಳಬೇಡ ಎಂದು ಮೇಲಿಂದ ಮೇಲೆ ಹೇಳಿದಳು. ನಾನು ಹೇಳಲಿಲ್ಲ.

ಮಾಟುಂಗದ ಒಂದು ದೇವಸ್ಥಾನದ ಹಿಂದಿನ ಹಾಲಿನಲ್ಲಿ ಮದುವೆಯಾಯಿತು. ಕುಬಸ ಮೈಗೆ ಹಿಡಿದು ಕೂತಿತ್ತು, ಯಾರು ಹೊಲಿದದ್ದು ಎಂದು ಎಲ್ಲರೂ ಕೇಳಿದರು. ಗಂಡ ಸಾಧು ಮನುಷ್ಯ. ಅವನ ತಾಯಿ ಗೊಣಗುವವಳೇ ಹೊರತು ಕೆಟ್ಟವಳಲ್ಲ. ಮುಂದಿನ ವರ್ಷ ನಾನು ಬಸುರಿಯಾಗಿ, ಮೊದಲ ಹೆರಿಗೆಗೆ ಪದ್ಧತಿಯಂತೆ ಘಾಟ್ಕೋಪರಿಗೆ ಬಂದೆ. ಅವ್ವ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು ಮಗು ಹೊರಳುವುದನ್ನು ನೋಡುತ್ತಿದ್ದಳು. ಅದು ಒದ್ದಾಗಲೆಲ್ಲ ಅತ್ತೆಯನ್ನೂ ಕರೆದು ಕೈಯಿಡಿಸುತ್ತಿದ್ದಳು.

ದವಾಖಾನೆಯಲ್ಲಿ ಮಗು ಹೊಕ್ಕುಳ ಬಳ್ಳಿ ಕೊರಳಿಗೆ ಸುತ್ತಿಕೊಂಡು ಹುಟ್ಟಿತು. ಗಂಡು ಮಗು. ಸ್ವಲ್ಪ ಹೊತ್ತು ಉಸಿರಾಡಿತಂತೆ. ನನಗೆ ತೋರಿಸಲಿಲ್ಲ. ಡಾಕ್ಟರಮ್ಮ ಬಂದು, ಇದು ಹೀಗೆ ಆಗುತ್ತದೆ, ಯಾರ ತಪ್ಪೂ ಅಲ್ಲ ಎಂದು ಹಿಂದಿಯಲ್ಲಿ ನಿಧಾನವಾಗಿ ಹೇಳಿದರು. ಅವ್ವನಿಗೆ ಹಿಂದಿ ತಿಳಿಯದೆಂದು ನಾನು ಮಲಗಿದಲ್ಲಿಂದಲೇ ಅದನ್ನು ಕನ್ನಡದಲ್ಲಿ ಹೇಳಿದೆ. ಅವಳು ಮಂಚದ ಕಾಲ ಬಳಿ ನಿಂತು ತನ್ನ ಬಲಗೈಯನ್ನು ನೋಡಿಕೊಳ್ಳುತ್ತಿದ್ದಳು.

“ನನ್ನ ಕೈ, ಯವ್ವಾ. ನನ್ನ ಕೈಲಿಂದನ ಆತು.”

ನಾನು ಕೂಗಾಡಿದೆ. ಬಳ್ಳಿ ಸುತ್ತಿಕೊಂಡದ್ದು ಎಂದೆ, ಕಾಮಾಲೆಯಿಂದ ಸತ್ತವಳಿಗೆ ಕತ್ತರಿ ಇಟ್ಟದ್ದು ನಾನು, ಆಗ ನನ್ನ ಕೈಗೆ ಏನಾಗಿತ್ತು ಎಂದೆ. ಅವಳು ಎಲ್ಲದಕ್ಕೂ ಹೂಂ ಎಂದಳು. ಹಟ ಮಾಡುವ ಮಗುವಿಗೆ ಹೂಂ ಅನ್ನುವ ಹಾಗೆ. ನನ್ನ ಮಗ ಹೋದ ದುಃಖವನ್ನು ಸರಿಯಾಗಿ ಅಳಲೂ ಆಗಲಿಲ್ಲ ನನಗೆ. ಅವಳೊಡನೆ ಜಗಳವಾಡುವುದರಲ್ಲೇ ಅದು ಖರ್ಚಾಯಿತು.

ಆಮೇಲೆ ಅವಳು ಕತ್ತರಿ ಮುಟ್ಟಲಿಲ್ಲ. ದಾರವನ್ನೂ ಹಲ್ಲಿನಿಂದ ಕಚ್ಚಿ ಹರಿಯುತ್ತಿದ್ದಳು. ಅತ್ತೆ ಅವಳಿಗೆ ಹುಚ್ಚಿ ಎಂದು ಬೈದಳು, ತಿಳಿಹೇಳಿದಳು, ಕೊನೆಗೆ ಬಿಟ್ಟುಬಿಟ್ಟಳು. ಅವ್ವನಿಗೆ ಕತ್ತರಿ ಕೊಟ್ಟದ್ದು ತಪ್ಪು ಎಂದು ನನಗೆ ಇವತ್ತಿಗೂ ಅನಿಸುವುದಿಲ್ಲ. ಮತ್ತೆ ಆ ದಿನ ಬಂದರೆ ಮತ್ತೆ ಕೊಡುತ್ತೇನೆ. ನನಗಿರುವುದು ಸಿಟ್ಟು. ಆ ಚಾಳು, ಆ ಶಾಸ್ತ್ರ ಎಲ್ಲ ಅವಳ ಒಳಗೇ ಮನೆ ಮಾಡಿಕೊಂಡಿತ್ತು, ಬಾಗಿಲಿಗೆ ಅಗುಳಿ ಹಾಕಿದರೆ ಅದು ಹೊರಗೆ ಉಳಿಯುವಂಥದ್ದಾಗಿರಲಿಲ್ಲ.

ಎರಡನೆಯ ಸಲ ಬಸುರಿಯಾದಾಗ ತವರಿಗೆ ಬರಬೇಡ ಎಂದು ಅವ್ವನೇ ಹೇಳಿ ಕಳಿಸಿದಳು. ಬಾಂದ್ರಾದಲ್ಲೇ ಹೆರಿಗೆಯಾಯಿತು. ಈ ಸಲವೂ ಗಂಡು, ಗಟ್ಟಿಮುಟ್ಟಾಗಿದ್ದ. ಹೆಸರಿಡುವ ದಿನ ಅತ್ತೆ ತಾನು ಹೊಲಿದ ಕುಂಚಿಗೆ ತಂದಳು, ಮಗುವನ್ನು ಎತ್ತಿ ನೆತ್ತಿ ಮೂಸಿದಳು. ಅವ್ವ ಬಾಗಿಲ ಹತ್ತಿರವೇ ನಿಂತಿದ್ದಳು. ಒಳಗೆ ಬಾ ಎಂದರೆ ಬಂದು ಗೋಡೆಗೆ ಒರಗಿ ಕಾಲು ಚಾಚಿ ಕೂತಳು. ಎಷ್ಟು ಕರೆದರೂ ತೊಟ್ಟಿಲ ಕಡೆ ಬರಲಿಲ್ಲ. ಮಗುವನ್ನು ಅಲ್ಲಿಂದಲೇ ನೋಡುತ್ತಿದ್ದಳು, ಕಣ್ಣು ತೆಗೆಯದೆ.

ನನಗೆ ತಡೆಯಲಾಗಲಿಲ್ಲ. ಹೋಗಿ ಮಗುವನ್ನು ಅವಳ ತೊಡೆಯ ಮೇಲೆ ಹಾಕಿಬಿಟ್ಟೆ. ಅವಳು ಬೆಚ್ಚಿ ಎರಡೂ ಕೈಗಳನ್ನು ಬೆನ್ನ ಹಿಂದೆ ಎಳೆದುಕೊಂಡಳು. ಮಗು ಜಾರುವಂತಾಯಿತು, ಅಳಲು ಶುರುಮಾಡಿತು.

“ಎತ್ಕೋ ಅವ್ವಾ” ಎಂದೆ.

ಅವಳು ತಲೆಯಾಡಿಸಿದಳು. ಮಗು ಜಾರದಂತೆ ಮೊಣಕಾಲುಗಳನ್ನು ಎತ್ತಿ ಹತ್ತಿರ ಮಾಡಿಕೊಂಡಳು. ಕೈಗಳನ್ನು ಬೆನ್ನ ಹಿಂದೆ ಒಂದನ್ನೊಂದು ಹಿಡಿದುಕೊಂಡೇ, ತೊಡೆಗಳನ್ನು ಮೆಲ್ಲಗೆ ಅಲುಗಿಸುತ್ತ, ಮಗು ಅಳು ನಿಲ್ಲಿಸುವವರೆಗೂ ಆಡಿಸಿದಳು.